ಅಪ್ಪನ ಟ್ರಂಕಿನಲ್ಲಿ ಸಿಕ್ಕ ನಕ್ಷೆಗಳು

ಪ್ರಶ್ನೋತ್ತರ: ಹಳೆಯ ಕಟ್ಟಡ, ಉದ್ಯಾನಗಳ ನಕ್ಷೆಗಳನ್ನು ಕಾಪಾಡುವ ಬಗೆ

ಕಟ್ಟಡ, ಕೆರೆ, ಉದ್ಯಾನಗಳ ಹಳೆಯ ನಕ್ಷೆಗಳೆಲ್ಲ ಸರ್ಕಾರಿ ಕಚೇರಿಯಲ್ಲೇ ಇರುತ್ತವೆ ಎಂದು ಬಹಳ ಮಂದಿ ತಿಳಿದಿದ್ದಾರೆ. ನಿಮ್ಮ ಪತ್ರಗಳನ್ನು ನೋಡಿದರೆ ಅಟ್ಟದ ಮೇಲೆ, ಟ್ರಂಕಿನೊಳಗೆ, ಶಾಲೆಯ ಗೋಡೆಯ ಮೇಲೆ, ಮುಚ್ಚುತ್ತಿರುವ ಕಚೇರಿಯ ಬೀರುವಿನಲ್ಲಿ ಇನ್ನೂ ಎಷ್ಟೋ ಉಳಿದಿವೆ. ಅವುಗಳನ್ನು ಏನು ಮಾಡುವುದೆಂಬ ಆತಂಕ ಎಲ್ಲರದೂ ಒಂದೇ. ಏಳು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಹೆಸರು ಬೇಡವೆಂದು ಹಲವರು ಕೇಳಿಕೊಂಡಿದ್ದರಿಂದ ಊರನ್ನಷ್ಟೇ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಂದೆ ಲೋಕೋಪಯೋಗಿ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದರು. ಅವರು ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಸುರುಳಿ ಸುತ್ತಿದ ನಕ್ಷೆಗಳ ಕಟ್ಟು ಸಿಕ್ಕಿತು. ಒಂದನ್ನು ಬಿಡಿಸಲು ಹೋದಾಗ ಅಂಚು ಪುಡಿಯಾಗಿ ಕೈಗೆ ಬಂತು. ಹೆದರಿ ಹಾಗೇ ಮುಚ್ಚಿಟ್ಟಿದ್ದೇನೆ. ಮುಂದೇನು ಮಾಡಲಿ?
– ಮೈಸೂರು

ಉತ್ತರ: ತಂದೆಯವರ ಕೈಯ ಗೆರೆಗಳಿರುವ ಕಾಗದ ಕಣ್ಣೆದುರೇ ಉದುರಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಆ ಕ್ಷಣ ನೀವು ಕೈ ಹಿಂದೆಗೆದುಕೊಂಡದ್ದು ಸರಿಯಾಗಿಯೇ ಇದೆ. ಸುರುಳಿಯ ಹೊರಸುತ್ತು ಗಾಳಿಗೂ ಧೂಳಿಗೂ ಸಿಕ್ಕಿ ಮೊದಲು ಪೆಡಸಾಗುತ್ತದೆ. ಒಳಸುತ್ತುಗಳು ಸಾಮಾನ್ಯವಾಗಿ ಅದಕ್ಕಿಂತ ಗಟ್ಟಿಯಾಗಿರುತ್ತವೆ. ಆದ್ದರಿಂದ ಎಲ್ಲವೂ ಹೋಯಿತೆಂದು ತಿಳಿಯಬೇಡಿ.

ಮೊದಲು ಅದು ಯಾವ ಬಗೆಯ ಹಾಳೆ ಎಂದು ಗುರುತಿಸಿ. ಇದಕ್ಕೆ ಒಂದು ಅಂಚು ಕಂಡರೆ ಸಾಕು. ಗಾಢ ನೀಲಿಯ ಮೇಲೆ ಬಿಳಿ ಗೆರೆಗಳಿದ್ದರೆ ಬ್ಲೂಪ್ರಿಂಟ್. ಬೆಳಕಿಗೆ ಹಿಡಿದಾಗ ನೂಲಿನ ನೇಯ್ಗೆ ಕಂಡು, ಮೇಲ್ಮೈ ನುಣುಪಾಗಿ ಹೊಳೆದರೆ ಟ್ರೇಸಿಂಗ್ ಬಟ್ಟೆ (ಗಂಜಿ ಹಾಕಿ ನುಣ್ಣಗೆ ಮಾಡಿದ ತೆಳು ಬಟ್ಟೆ). ಹಿಂದಿನದು ಕಾಣುವಷ್ಟು ತೆಳುವಾಗಿ, ಮುಟ್ಟಿದರೆ ಗರಿಗರಿ ಎನ್ನುವುದು ಟ್ರೇಸಿಂಗ್ ಪೇಪರ್. ಬಿಳಿ ಹಾಳೆಯ ಮೇಲೆ ನೇರಳೆ, ನೀಲಿ ಅಥವಾ ಕಂದು ಗೆರೆಗಳಿದ್ದರೆ ಅದು ಬಹುಪಾಲು ಅಮೋನಿಯಾ ಪ್ರಿಂಟ್.

ಇವುಗಳಲ್ಲಿ ಟ್ರೇಸಿಂಗ್ ಬಟ್ಟೆಗೆ ನೀರೇ ಶತ್ರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆಯ ಮೇಲೆ ಹನಿ ಬಿದ್ದರೆ ಅಷ್ಟು ಜಾಗ ಮೆತ್ತಗಾಗಿ ಗುರುತು ನಿಲ್ಲುವಂತೆ ಇಲ್ಲೂ ನಿಲ್ಲುತ್ತದೆ. ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ.

ಬಿಡಿಸುವುದಾದರೆ ದೊಡ್ಡ ಮೇಜಿನ ಮೇಲೆ ಒಗೆದ ಬಿಳಿ ಬಟ್ಟೆ ಹಾಸಿ. ಜೊತೆಗೆ ಇನ್ನೊಬ್ಬರಿರಲಿ. ಫ್ಯಾನ್ ನಿಲ್ಲಿಸಿ, ಕೈ ತೊಳೆದು ಪೂರ್ತಿ ಒಣಗಿಸಿಕೊಳ್ಳಿ. ಒಂದು ಗೇಣು ಬಿಡಿಸಿ, ಅಂಚಿನ ಮೇಲೆ ಮರಳು ತುಂಬಿ ಬಾಯಿ ಹೊಲಿದ ಬಟ್ಟೆಯ ಚೀಲ ಇಡಿ. ಅಕ್ಕಿ ತುಂಬಿದ ಚೀಲ ಬೇಡ, ಹುಳ ಬರುತ್ತದೆ. ಆಮೇಲೆ ಇನ್ನೊಂದು ಗೇಣು. ಕಾಗದ ‘ಚಟ್’ ಎಂದರೆ ಅಲ್ಲಿಗೇ ನಿಲ್ಲಿಸಿ. ಚಪ್ಪಟೆಯಾಗಲೆಂದು ಹಿಂದುಮುಂದಾಗಿ ಸುತ್ತುವ ಅಭ್ಯಾಸ ಹಲವರಿಗಿದೆ, ಹಳೆಯ ಕಾಗದ ಅದರಿಂದ ಸೀಳುತ್ತದೆ.

ಉದುರಿದ ಚೂರುಗಳನ್ನು ಎಸೆಯಬೇಡಿ. ಲಕೋಟೆಗೆ ಹಾಕಿ, ಯಾವ ನಕ್ಷೆಯದೆಂದು ಲಕೋಟೆಯ ಮೇಲೆ ಬರೆಯಿರಿ. ಬಿಡಿಸಲು ಒಪ್ಪದ ಸುರುಳಿಗಳನ್ನು ಹಾಗೇ ಬಿಟ್ಟು ತಿಳಿದವರಿಗೆ ತೋರಿಸಿ. ನಿಮ್ಮ ಊರಿನಲ್ಲೇ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯವಿದೆ. ಅದು ಲಖನೌದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಅಂಗ. ಅಲ್ಲಿ ವಿಚಾರಿಸಿ.

ಪ್ರಶ್ನೆ: ನಮ್ಮ ಅಜ್ಜ ಕಟ್ಟಿಸಿದ ತೊಟ್ಟಿ ಮನೆಯ ನಕ್ಷೆ ಮತ್ತು ತೋಟದ ನಕ್ಷೆಗೆ ಈ ಮಳೆಗಾಲ ಬೂಷ್ಟು ಹಿಡಿದಿದೆ. ಬಿಸಿಲು ಬಂದ ದಿನ ಅಂಗಳದಲ್ಲಿ ಒಣಗಿಸಬಹುದೇ? ನುಸಿಗುಳಿಗೆ ಇಟ್ಟರೆ ಸಾಕೇ?
– ತೀರ್ಥಹಳ್ಳಿ

ಉತ್ತರ: ಮಲೆನಾಡಿನ ಮಳೆಯಲ್ಲಿ ಬೂಷ್ಟು ಬರುವುದು ನಿಮ್ಮ ಅಲಕ್ಷ್ಯದಿಂದಲ್ಲ. ಗಾಳಿಯ ಆರ್ದ್ರತೆ (ಗಾಳಿಯಲ್ಲಿರುವ ನೀರಿನ ಪಸೆ) ಶೇ 65 ದಾಟಿ ಹಲವು ದಿನ ನಿಂತರೆ ಕಾಗದದ ಮೇಲೆ ಬೂಷ್ಟು ಚಿಗುರಲು ಅಷ್ಟೇ ಸಾಕು. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದಕ್ಕೂ ಹೆಚ್ಚಿರುತ್ತದೆ. ಪಸೆ ಇಳಿದರೆ ಬೂಷ್ಟಿನ ಬೆಳವಣಿಗೆಯೂ ನಿಲ್ಲುತ್ತದೆ.

ಅಂಗಳದ ಬಿಸಿಲು ಬೇಡ. ಬಿಸಿಲಿಗೆ ಕಾಗದ ಒಮ್ಮೆಲೇ ಒಣಗಿ ಸೊಟ್ಟಗಾಗುತ್ತದೆ, ಶಾಯಿಯೂ ಬಣ್ಣವೂ ಮಾಸುತ್ತವೆ. ಇಸ್ತ್ರಿ ಪೆಟ್ಟಿಗೆಯೂ ಬೇಡ. ಬೂಷ್ಟು ಹಿಡಿದವನ್ನು ಉಳಿದವುಗಳಿಂದ ಬೇರೆ ಮಾಡಿ, ನೆರಳಿನ ಕೋಣೆಯಲ್ಲಿ ಬ್ಲಾಟಿಂಗ್ ಪೇಪರ್ (ಶಾಯಿ ಹೀರುವ ಕಾಗದ) ಮೇಲೆ ಹರಡಿ. ಫ್ಯಾನಿನ ಮುಖ ನಕ್ಷೆಯತ್ತ ಬೇಡ, ಗೋಡೆಯತ್ತ ಇರಲಿ. ಗಾಳಿ ಆಡಿದರೆ ಸಾಕು.

ಪೂರ್ತಿ ಒಣಗುವವರೆಗೆ ಬೂಷ್ಟನ್ನು ಮುಟ್ಟಬೇಡಿ. ಹಸಿಯಿದ್ದಾಗ ಉಜ್ಜಿದರೆ ಅದು ನಾರಿನೊಳಗೆ ಇಳಿದು ಕಲೆ ಶಾಶ್ವತವಾಗುತ್ತದೆ. ಒಣಗಿ ಪುಡಿಯಾದ ಮೇಲೆ, ಮನೆಯ ಹೊರಗೆ, ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು, ಮೃದುವಾದ ಬಣ್ಣದ ಬ್ರಷ್‌ನಿಂದ ಒಂದೇ ದಿಕ್ಕಿಗೆ ಹಗುರವಾಗಿ ಗುಡಿಸಿ. ಮನೆಯಲ್ಲಿ ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕಬಾರದು.

ನುಸಿಗುಳಿಗೆಯಿಂದ ಬೂಷ್ಟು ಹೋಗುವುದಿಲ್ಲ, ಅದರ ಆವಿ ಮನೆಮಂದಿಗೂ ಒಳ್ಳೆಯದಲ್ಲ. ಓಲೆಗರಿಗೆ ಎಣ್ಣೆ ಸವರುವ ಪದ್ಧತಿಯನ್ನು ಕಾಗದಕ್ಕೆ ತರಬೇಡಿ. ಗರಿಗೆ ಹಿತವಾದ ಎಣ್ಣೆ ಕಾಗದಕ್ಕೆ ಕಲೆಯಾಗುತ್ತದೆ. ನಕ್ಷೆಗಳನ್ನು ನೆಲದಿಂದ ಒಂದು ಅಡಿಯಾದರೂ ಮೇಲೆ, ಮಳೆ ಹೊಡೆಯುವ ಹೊರಗೋಡೆಯಿಂದ ದೂರ ಇಡಿ. ತಿಂಗಳಿಗೊಮ್ಮೆ ತೆಗೆದು ನೋಡಿದರೆ ಬೆಳ್ಳಿಹುಳ, ಜಿರಳೆ, ಗೆದ್ದಲು ಮೊದಲ ದಿನಗಳಲ್ಲೇ ಕಣ್ಣಿಗೆ ಬೀಳುತ್ತವೆ. ಕಾಗದಕ್ಕೆ ಅದಕ್ಕಿಂತ ಒಳ್ಳೆಯ ಕಾವಲಿಲ್ಲ.

ಪ್ರಶ್ನೆ: ನಮ್ಮ ಶಾಲಾ ಕಟ್ಟಡದ ಹಳೆಯ ಬ್ಲೂಪ್ರಿಂಟಿಗೆ ಕಟ್ಟು ಹಾಕಿಸಿ ಮುಂದಿನ ಹಜಾರದಲ್ಲಿ ತೂಗುಹಾಕಿದ್ದೆವು. ಈಗ ನೀಲಿ ಬಣ್ಣ ಬಿಳಿಚಿಕೊಂಡಿದೆ. ಮಕ್ಕಳಿಗೆ ಕಾಣಲೆಂದು ಮಾಡಿದ್ದೇ ತಪ್ಪಾಯಿತೇ?
– ತುಮಕೂರು

ಉತ್ತರ: ಮಕ್ಕಳಿಗೆ ತೋರಿಸಬೇಕೆಂಬ ನಿಮ್ಮ ಆಸೆಯಲ್ಲಿ ತಪ್ಪಿಲ್ಲ. ನಿಮಗೊಂದು ಒಳ್ಳೆಯ ಸುದ್ದಿಯೂ ಇದೆ: ಬೆಳಕಿಗೆ ಮಾಸಿದ ಬ್ಲೂಪ್ರಿಂಟನ್ನು ಕತ್ತಲಲ್ಲಿ ಇಟ್ಟರೆ ಬಣ್ಣ ಸ್ವಲ್ಪಮಟ್ಟಿಗೆ ಮರಳಿ ಬರುತ್ತದೆ. ಇಂದೇ ಗೋಡೆಯಿಂದ ಇಳಿಸಿ.

ಇದು ಏಕೆ ಹೀಗೆಂದು ತಿಳಿದರೆ ಮುಂದಿನ ಜಾಗ್ರತೆ ಸುಲಭ. ಬ್ಲೂಪ್ರಿಂಟಿನ ವಿಧಾನವನ್ನು 1842ರಲ್ಲಿ ಜಾನ್ ಹರ್ಷೆಲ್ ಎಂಬ ಇಂಗ್ಲಿಷ್ ವಿಜ್ಞಾನಿ ಕಂಡುಹಿಡಿದರು. ಕಬ್ಬಿಣದ ಲವಣಗಳನ್ನು ಬಳಿದ ಕಾಗದದ ಮೇಲೆ ಟ್ರೇಸಿಂಗ್ ಹಾಸಿ ಬೆಳಕಿಗೆ ಹಿಡಿಯುತ್ತಿದ್ದರು. ಬೆಳಕು ಬಿದ್ದ ಜಾಗ ನೀಲಿಯಾಗುತ್ತಿತ್ತು. ಶಾಯಿಯ ಗೆರೆ ಬೆಳಕನ್ನು ತಡೆದ ಕಡೆ, ನೀರಿನಲ್ಲಿ ತೊಳೆದಾಗ, ಬಿಳಿ ಉಳಿಯುತ್ತಿತ್ತು. ಹೀಗೆ ಹುಟ್ಟಿದ ನೀಲಿಗೆ ಬೆಳಕು ಆಗದು, ಕ್ಷಾರವೂ (ಸುಣ್ಣ, ಸೋಪು, ಸೋಡಾಗಳಲ್ಲಿರುವ ಗುಣ) ಆಗದು.

ಆದ್ದರಿಂದ ಸುಣ್ಣ ಬಳಿದ ಗೋಡೆಗೆ ಬ್ಲೂಪ್ರಿಂಟ್ ತಾಗಬಾರದು. ಸೋಪಿನ ಪಸೆ ಇರುವ ಕೈಯಿಂದ ಮುಟ್ಟಬಾರದು. ಹಳೆಯ ಕಾಗದಗಳಿಗೆಂದು ಮಾರುವ ಕೆಲವು ಆಮ್ಲರಹಿತ ಹಾಳೆಗಳಲ್ಲಿ (ಹುಳಿಯ ಅಂಶ ತೆಗೆದ, ಬೇಗ ಹಳದಿಯಾಗದ ಹಾಳೆ) ಕ್ಷಾರ ಸೇರಿಸಿರುತ್ತಾರೆ. ಬೇರೆ ನಕ್ಷೆಗಳಿಗೆ ಅವು ಒಳ್ಳೆಯವು, ಬ್ಲೂಪ್ರಿಂಟಿಗೆ ಮಾತ್ರ ಕ್ಷಾರ ಸೇರಿಸದ ಹಾಳೆಯನ್ನೇ ಕೇಳಿ ತನ್ನಿ. ಅಮೋನಿಯಾ ಪ್ರಿಂಟುಗಳ ಜೊತೆಗೂ ಇದನ್ನು ಇಡಬೇಡಿ. ಅವುಗಳಲ್ಲಿ ಉಳಿದ ರಾಸಾಯನಿಕ ಪಕ್ಕದ ಹಾಳೆಯನ್ನೂ ಕೆಡಿಸುತ್ತದೆ.

ಮೂಲವನ್ನು ಕತ್ತಲಲ್ಲಿ ಜೋಪಾನ ಮಾಡಿ, ಅದರ ಬಣ್ಣದ ಪ್ರತಿಯೊಂದನ್ನು ಅದೇ ಅಳತೆಯಲ್ಲಿ ಮಾಡಿಸಿ ಹಜಾರದಲ್ಲಿ ತೂಗುಹಾಕಿ. ಮಕ್ಕಳು ಅದರ ಮೇಲೆ ಬೆರಳಿಟ್ಟು ತಮ್ಮ ತರಗತಿಯನ್ನು ಹುಡುಕಲಿ.

ಪ್ರಶ್ನೆ: ಹರಿದಿದ್ದ ಬಂಗಲೆಯ ನಕ್ಷೆಗೆ ಸೆಲ್ಲೋಟೇಪ್ ಹಚ್ಚಿದ್ದೆ. ಈಗ ಆ ಜಾಗವೆಲ್ಲ ಹಳದಿಯಾಗಿ ಅಂಟುತ್ತಿದೆ. ಲ್ಯಾಮಿನೇಷನ್ ಮಾಡಿಸಿದರೆ ಜನ್ಮಪೂರ್ತಿ ಚಿಂತೆಯಿಲ್ಲ ಎಂದು ಅಂಗಡಿಯವರು ಹೇಳುತ್ತಾರೆ. ಮಾಡಿಸಲೇ?
– ಬೆಂಗಳೂರು

ಉತ್ತರ: ಹರಿದದ್ದನ್ನು ಕಂಡ ಕೂಡಲೇ ಟೇಪ್ ಹಚ್ಚುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆದರೆ ಲ್ಯಾಮಿನೇಷನ್ ಮಾಡಿಸಲೇಬೇಡಿ.

ನಮ್ಮ ಕೆಲಸದಲ್ಲಿ ಎಲ್ಲಕ್ಕೂ ಮೇಲಿನ ನಿಯಮ ಒಂದಿದೆ: ಮಾಡಿದ ದುರಸ್ತಿಯನ್ನು ಬೇಡವೆಂದಾಗ ಕಾಗದಕ್ಕೆ ಪೆಟ್ಟಾಗದಂತೆ ಬಿಡಿಸಲು ಬರಬೇಕು. ಲ್ಯಾಮಿನೇಷನ್‌ನಲ್ಲಿ ಬಿಸಿಗೆ ಕರಗಿದ ಪ್ಲಾಸ್ಟಿಕ್ ಕಾಗದದ ನಾರಿಗೇ ಅಂಟಿಕೊಳ್ಳುತ್ತದೆ. ಒಳಗಿನ ಆಮ್ಲ ಅಲ್ಲೇ ಉಳಿದು ಕಾಗದವನ್ನು ತಿನ್ನುತ್ತಲೇ ಇರುತ್ತದೆ, ಬಿಡಿಸಹೋದರೆ ಗೆರೆಗಳೂ ಕಿತ್ತುಬರುತ್ತವೆ. ಹೊರಗಿನಿಂದ ಹೊಳೆಯುವ ಆ ಹಾಳೆಯನ್ನು ಮುಂದೆ ಯಾರೂ ರಿಪೇರಿ ಮಾಡಲಾರರು.

ಟೇಪನ್ನು ನೀವೇ ಕೀಳಬೇಡಿ. ಸೀಮೆಎಣ್ಣೆ, ಥಿನ್ನರ್ ಹಚ್ಚಿ ನೋಡುವುದೂ ಬೇಡ. ಅಂಟು ಬೇರೆ ಹಾಳೆಗೆ ತಗಲದಂತೆ ಆ ಜಾಗದ ಮೇಲೆ ಸಿಲಿಕೋನ್ ಲೇಪದ ಹಾಳೆ (ಸ್ಟಿಕ್ಕರ್‌ಗಳ ಹಿಂದಿರುವ ಜಾರುವ ಕಾಗದದ ಬಗೆಯದು) ಇಟ್ಟು, ಚಪ್ಪಟೆಯಾಗಿ ಒಂದು ಫೋಲ್ಡರಿನಲ್ಲಿ ಇರಿಸಿ. ಬೆಂಗಳೂರಿನಲ್ಲಿ ಇಂಟ್ಯಾಕ್ (1984ರಲ್ಲಿ ಆರಂಭವಾದ, ಪರಂಪರೆ ಉಳಿಸುವ ರಾಷ್ಟ್ರೀಯ ಸಂಸ್ಥೆ) ನಡೆಸುವ ಕಲಾ ಸಂರಕ್ಷಣಾ ಕೇಂದ್ರವಿದೆ. ಇಂಥ ಕಡೆ ಟೇಪ್ ಬಿಡಿಸಿ, ತೆಳುವಾದರೂ ಉದ್ದ ನಾರಿನ ಜಪಾನಿ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಹಿಂಬದಿಗೆ ಹಚ್ಚುತ್ತಾರೆ. ಐವತ್ತು ವರ್ಷದ ಮೇಲೂ ಸ್ವಲ್ಪ ತೇವ ಕೊಟ್ಟರೆ ಅದು ಬಿಟ್ಟುಬರುತ್ತದೆ.

ಪ್ರಶ್ನೆ: ಹಿರಿಯ ವಾಸ್ತುಶಿಲ್ಪಿಯೊಬ್ಬರ ಕಚೇರಿಯನ್ನು ಮುಚ್ಚುತ್ತಿದ್ದೇವೆ. ಬೀರುಗಳ ತುಂಬ ನಕ್ಷೆಗಳಿವೆ. ಜಾಗ ಖಾಲಿ ಮಾಡಲು ಒಂದು ತಿಂಗಳಷ್ಟೇ ಇದೆ. ರದ್ದಿಗೆ ಹಾಕಲು ಮನಸ್ಸಿಲ್ಲ, ಎಲ್ಲವನ್ನೂ ಇಟ್ಟುಕೊಳ್ಳಲು ಜಾಗವಿಲ್ಲ.
– ಬೆಂಗಳೂರು

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಒಂದು ತಿಂಗಳು ಸಣ್ಣ ಅವಧಿಯಾದರೂ ಮುಖ್ಯವಾದುದನ್ನು ಉಳಿಸಿಕೊಳ್ಳಲು ಸಾಕು.

ಮೊದಲ ದಿನ ಏನನ್ನೂ ಕದಲಿಸಬೇಡಿ. ಪ್ರತಿ ಬೀರು, ಪ್ರತಿ ಡ್ರಾಯರ್ ಇದ್ದಂತೆಯೇ ಫೋಟೊ ತೆಗೆಯಿರಿ. ಯಾವ ಸುರುಳಿ ಯಾವುದರ ಪಕ್ಕದಲ್ಲಿತ್ತು ಎಂಬುದರಿಂದಲೇ ಎಷ್ಟೋ ಸಲ ಹೆಸರಿಲ್ಲದ ನಕ್ಷೆಯ ಗುರುತು ಸಿಗುತ್ತದೆ. ಆಮೇಲೆ ಕಟ್ಟಡವೊಂದರ ನಕ್ಷೆ, ಅದರ ಪತ್ರವ್ಯವಹಾರ, ಎಸ್ಟಿಮೇಟು, ಫೋಟೊ ಎಲ್ಲವನ್ನೂ ಒಂದೇ ಕಟ್ಟು ಮಾಡಿ. ನಕ್ಷೆಯನ್ನು ಒಂದು ಕಡೆ, ಪತ್ರಗಳನ್ನು ಇನ್ನೊಂದು ಕಡೆ ಮಾಡಿದರೆ ಎರಡೂ ಮೂಕವಾಗುತ್ತವೆ.

ಒಂದೇ ನಕ್ಷೆಯ ಹತ್ತು ಅಮೋನಿಯಾ ಪ್ರಿಂಟುಗಳಿದ್ದರೆ ಒಂದು ಸಾಕು. ಆದರೆ ಅವುಗಳ ಮೇಲೆ ಕೆಂಪು ಪೆನ್ಸಿಲಿನ ತಿದ್ದುಪಡಿ ಇದೆಯೇ ಎಂದು ಒಂದೊಂದನ್ನೂ ನೋಡಿ, ತಿದ್ದಿದ್ದನ್ನು ತಪ್ಪದೆ ಇಟ್ಟುಕೊಳ್ಳಿ. ಕಟ್ಟುವಾಗ ನಿಜವಾಗಿ ಏನು ಬದಲಾಯಿತೆಂದು ಅದೇ ಹೇಳುತ್ತದೆ. ಕೈಯಿಂದ ಬರೆದ ಟ್ರೇಸಿಂಗ್ ಮೂಲಗಳು, ಮೊದಲ ಕಲ್ಪನೆಯ ಪೆನ್ಸಿಲ್ ಚಿತ್ರಗಳು, ಕಟ್ಟಲಾಗದೇ ಉಳಿದ ಯೋಜನೆಗಳು ಇವೆಲ್ಲ ಉಳಿಯಬೇಕು. ಕಟ್ಟದ ಕಟ್ಟಡಕ್ಕೆ ನಕ್ಷೆಯೊಂದೇ ಸಾಕ್ಷಿ.

ಪ್ರತಿ ಹಾಳೆಯ ಕೆಳಗಿನ ಬಲಮೂಲೆಯನ್ನು ನೋಡಿ. ಅಲ್ಲಿ ಕಟ್ಟಡದ ಹೆಸರು, ಸ್ಕೇಲು, ತಾರೀಖಿನ ಜೊತೆ ಬರೆದವರು, ಟ್ರೇಸ್ ಮಾಡಿದವರು, ಪರಿಶೀಲಿಸಿದವರು ಎಂದು ಪುಟ್ಟ ಚೌಕಗಳಿದ್ದು, ಒಂದೊಂದರಲ್ಲೂ ಎರಡಕ್ಷರದ ಸಹಿ ಇರುತ್ತದೆ. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಕಟ್ಟಡಗಳನ್ನು ರೂಪಿಸಿದ ಒಟ್ಟೊ ಕೋನಿಗ್ಸ್‌ಬರ್ಗರ್ ಅವರ ಹೆಸರು ಪುಸ್ತಕಗಳಲ್ಲಿದೆ. 1951ರಲ್ಲಿ ಶಂಕುಸ್ಥಾಪನೆಯಾಗಿ 1956ರಲ್ಲಿ ಮುಗಿದ ವಿಧಾನಸೌಧದ ಜೊತೆ ಬಿ.ಆರ್. ಮಾಣಿಕಂ ಅವರ ಹೆಸರೂ ಇದೆ. ಇಂಥ ಕಟ್ಟಡಗಳಿಗಾಗಿ ಹಗಲಿಡೀ ಮೇಜಿನ ಮೇಲೆ ಬಾಗಿ ಗೆರೆ ಎಳೆದವರ ಹೆಸರು ಆ ಮೂಲೆಯ ಚೌಕದಲ್ಲಲ್ಲದೆ ಬೇರೆಲ್ಲೂ ಸಿಗುವುದು ಕಷ್ಟ. ಅಂಚು ಹರಿದಿದೆಯೆಂದು ಅದನ್ನು ಕತ್ತರಿಸಿ ತೆಗೆಯುವವರಿದ್ದಾರೆ, ನೀವು ಹಾಗೆ ಮಾಡಬೇಡಿ.

ಪ್ರಶ್ನೆ: ನಾನು ತೋಟಗಾರಿಕೆ ವಿಷಯದ ಅಧ್ಯಾಪಕಿ. ಹಳೆಯ ಉದ್ಯಾನವೊಂದರ ನಕ್ಷೆಯ ಪ್ರತಿ ಸಿಕ್ಕಿದೆ. ಅದರಲ್ಲಿರುವ ಮರಗಳಲ್ಲಿ ಅರ್ಧದಷ್ಟು ಈಗಿಲ್ಲ. ಮರವೇ ಹೋದ ಮೇಲೆ ನಕ್ಷೆಯಿಂದ ಏನು ಪ್ರಯೋಜನ ಎಂದು ಸಹೋದ್ಯೋಗಿಗಳು ಕೇಳುತ್ತಾರೆ.
– ಮಂಡ್ಯ

ಉತ್ತರ: ಸಹೋದ್ಯೋಗಿಗಳ ಮಾತಿನಿಂದ ನೀವು ಎದೆಗುಂದಬೇಕಿಲ್ಲ. ಕಟ್ಟಡ ಹಳತಾದರೂ ಗೋಡೆ ಇದ್ದಲ್ಲೇ ಇರುತ್ತದೆ. ಉದ್ಯಾನ ಪ್ರತಿ ವರ್ಷ ಬೆಳೆಯುತ್ತದೆ, ಸಾಯುತ್ತದೆ, ಮರು ನೆಡಲ್ಪಡುತ್ತದೆ. ಹಾಗಾಗಿ ಕಟ್ಟಡಕ್ಕಿಂತ ಉದ್ಯಾನಕ್ಕೇ ನಕ್ಷೆಯ ಅಗತ್ಯ ಹೆಚ್ಚು.

ನಮ್ಮ ಸೀಮೆಯ ಉದಾಹರಣೆಯನ್ನೇ ನೋಡಿ. ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಹುಟ್ಟಿದ ಜಿ.ಎಚ್. ಕೃಂಬಿಗಲ್, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಾ ಸಂಸ್ಥಾನದ ಮೂಲಕ 1908ರಲ್ಲಿ ಲಾಲ್‌ಬಾಗಿಗೆ ಬಂದರು. 1932ರಲ್ಲಿ ನಿವೃತ್ತರಾದರು, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಒಂದು ಜಾತಿಯ ಮರದ ಹೂ ಉದುರುವ ಹೊತ್ತಿಗೆ ಇನ್ನೊಂದು ಜಾತಿ ಹೂ ಬಿಡಬೇಕು, ಊರಿನಲ್ಲಿ ವರ್ಷವಿಡೀ ಎಲ್ಲಾದರೂ ಹೂವಿರಬೇಕು ಎಂಬ ಲೆಕ್ಕದಲ್ಲಿ ಬೀದಿಗಳಿಗೆ ಮರ ಆರಿಸುತ್ತಿದ್ದರು. ಸಾಲಿನಲ್ಲಿ ಕೆಲವು ಮರ ಬಿದ್ದು, ಅಲ್ಲಿ ಸಿಕ್ಕ ಸಸಿ ನೆಟ್ಟರೆ ಆ ಲೆಕ್ಕ ಅಳಿಸಿಹೋಗುತ್ತದೆ. ಏನನ್ನು ಎಲ್ಲಿ ಮತ್ತೆ ನೆಡಬೇಕೆಂದು ಹೇಳುವುದು ಹಳೆಯ ನೆಡುತೋಪಿನ ನಕ್ಷೆ ಮತ್ತು ಗಿಡಗಳ ಪಟ್ಟಿ ಮಾತ್ರ.

ಆದ್ದರಿಂದ ನಿಮ್ಮ ನಕ್ಷೆಯ ಜೊತೆಗಿದ್ದ ಪಟ್ಟಿಯನ್ನೂ ಹುಡುಕಿ. ಉದ್ಯಾನದ ನಕ್ಷೆಯಲ್ಲಿ ಮರಗಳಿಗೆ ಬರೀ ಅಂಕಿ ಹಾಕಿ, ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆಯುವುದುಂಟು. ಆ ಹಾಳೆ ಕಳೆದರೆ ನಕ್ಷೆ ಅರ್ಧ ಕುರುಡು. ಸಸ್ಯಶಾಸ್ತ್ರೀಯ ಹೆಸರುಗಳು ಕಾಲಕಾಲಕ್ಕೆ ಬದಲಾಗಿವೆ ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಿ. ನಮ್ಮ ಮಳೆಮರ ಹಳೆಯ ದಾಖಲೆಗಳಲ್ಲಿ ಎಂಟೆರೊಲೋಬಿಯಂ, ಪಿಥೆಸೆಲೋಬಿಯಂ ಎಂದೂ ಆಮೇಲೆ ಸಮನಿಯಾ ಎಂದೂ ಕಾಣಿಸುತ್ತದೆ. ಮರ ಒಂದೇ. ಹಳೆಯ ಹೆಸರನ್ನು ತಿದ್ದದೆ, ಇಂದಿನ ಹೆಸರನ್ನು ಬೇರೆ ಪಟ್ಟಿಯಲ್ಲಿ ಬರೆಯಲಿ.

ನಕ್ಷೆಯ ಪ್ರತಿಯೊಂದನ್ನು ಹಿಡಿದು ಉದ್ಯಾನದಲ್ಲಿ ನಡೆಯಿರಿ. ಇರುವ ಮರಕ್ಕೆ ಒಂದು ಗುರುತು, ಇಲ್ಲದ್ದಕ್ಕೆ ಇನ್ನೊಂದು, ಹೊಸದಕ್ಕೆ ಮತ್ತೊಂದು ಹಾಕಿಸಿ, ತಾರೀಖು ಬರೆಸಿ. ನೀರಿನ ಕಾಲುವೆ, ಮೆಟ್ಟಿಲು, ನೆಲದ ಏರುತಗ್ಗಿನ ಗೆರೆಗಳನ್ನೂ ಹೋಲಿಸಿ. ನಿಮ್ಮ ಜಿಲ್ಲೆಯಲ್ಲೇ ಇರುವ ಬೃಂದಾವನವನ್ನು ಕಂಡವರಿಗೆ, ನೆಲದ ಇಳಿಜಾರು ತಿಳಿಯದೆ ಅಲ್ಲಿನ ನೀರಿನ ಆಟ ತಿಳಿಯದೆಂಬುದು ಗೊತ್ತಿರುತ್ತದೆ. ನಿಮ್ಮ ವಿದ್ಯಾರ್ಥಿಗಳು ಮಾಡುವ ಈ ಹೊಸ ನಕ್ಷೆಯೂ ನಾಳೆಗೆ ದಾಖಲೆಯೇ.

ಪ್ರಶ್ನೆ: ನಮ್ಮಲ್ಲಿ ಹಳೆಯ ನಕ್ಷೆಗಳಿವೆ. ಸ್ಕ್ಯಾನ್ ಮಾಡಿಸಿ ಮೂಲವನ್ನು ಮಾರಿಬಿಡಿ, ವಿದೇಶದಲ್ಲಿ ಒಳ್ಳೆಯ ಬೆಲೆ ಇದೆ ಎಂದು ಒಬ್ಬರು ಹೇಳುತ್ತಾರೆ. ಸರ್ಕಾರಿ ಕಾಗದ ಮನೆಯಲ್ಲಿದ್ದರೆ ಕೇಸು ಬೀಳುತ್ತದೆಂದು ಇನ್ನೊಬ್ಬರು ಹೆದರಿಸುತ್ತಾರೆ.
– ಹಾಸನ

ಉತ್ತರ: ಎರಡೂ ಕಡೆಯ ಮಾತು ಕೇಳಿ ನಿಮಗೆ ನಿದ್ದೆ ಕೆಟ್ಟಿದ್ದರೆ ಆಶ್ಚರ್ಯವಿಲ್ಲ. ಒಂದೊಂದಾಗಿ ನೋಡೋಣ.

ಸ್ಕ್ಯಾನ್ ಖಂಡಿತ ಮಾಡಿಸಿ. ಹಾಳೆಯನ್ನು ರೋಲರಿನ ನಡುವೆ ಎಳೆದುಕೊಳ್ಳುವ ಯಂತ್ರಕ್ಕೆ ಕೊಡಬೇಡಿ, ಅದು ಹರಿಯುತ್ತದೆ. ಚಪ್ಪಟೆ ಹಾಸಿ ಮೇಲಿನಿಂದ ತೆಗೆಯುವವರನ್ನು ಹುಡುಕಿ. ಮೂಲದ ಅಳತೆಯಲ್ಲೇ, ಬಣ್ಣದಲ್ಲಿ, ಕನಿಷ್ಠ 300 ಡಿಪಿಐ (ಒಂದು ಅಂಗುಲದಲ್ಲಿ ಹಿಡಿಯುವ ಚುಕ್ಕೆಗಳ ಲೆಕ್ಕ) ಇರಲಿ. ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ತೆಗೆಸಿ, ಹಿಂಬದಿಯನ್ನೂ ತೆಗೆಸಿ. ಟಿಫ್ ರೂಪದಲ್ಲಿ ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನಲ್ಲಿಡಿ. ಆದರೆ ಸ್ಕ್ಯಾನ್ ಇದೆಯೆಂದು ಮೂಲವನ್ನು ಬಿಡಬೇಡಿ. ಕಾಗದದ ಬಗೆ, ಅಳಿಸಿ ಮತ್ತೆ ಬರೆದ ಗೆರೆ, ಕಂಪಾಸಿನ ಮುಳ್ಳು ಚುಚ್ಚಿದ ತೂತು ಇವು ಮೂಲದಲ್ಲಷ್ಟೇ ಸಿಗುತ್ತವೆ.

ವಿದೇಶಕ್ಕೆ ಮಾರುವ ಮಾತು ಅಲ್ಲಿಗೇ ಬಿಡಿ. ಚಾರಿತ್ರಿಕ, ವೈಜ್ಞಾನಿಕ ಅಥವಾ ಕಲಾತ್ಮಕ ಬೆಲೆಯುಳ್ಳ ದಾಖಲೆಗೆ 75 ವರ್ಷ ತುಂಬಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅದಕ್ಕೆ ಅನ್ವಯವಾಗುತ್ತದೆ. ಖಾಸಗಿಯವರು ಅಂಥದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಪ್ರಕಟಿಸುವ ಯೋಚನೆಯಿದ್ದರೆ ಇನ್ನೊಂದು ವಿಷಯ ತಿಳಿದಿರಿ: ಕಾಗದ ನಿಮ್ಮದಾದರೂ ಅದರ ಕೃತಿಸ್ವಾಮ್ಯ (ಪ್ರತಿ ಮಾಡುವ, ಪ್ರಕಟಿಸುವ ಹಕ್ಕು) ಬೇರೆಯವರದಾಗಿರಬಹುದು. 1957ರ ಕಾಯ್ದೆಯಂತೆ, ಸಾಮಾನ್ಯವಾಗಿ ಅದು ರಚಿಸಿದವರ ಮರಣಾನಂತರ 60 ವರ್ಷ ಉಳಿಯುತ್ತದೆ.

ಸರ್ಕಾರಿ ಮುದ್ರೆಯ ನಕ್ಷೆ ಮನೆಯಲ್ಲಿ ಸಿಕ್ಕಿತೆಂದು ಸುಡುವುದಾಗಲಿ ಬಚ್ಚಿಡುವುದಾಗಲಿ ಬೇಡ. ಅದು ಸೇರಬೇಕಾದ ಕಡೆ ಸೇರಿಸಿದರೆ ಭಯಪಡುವಂಥದ್ದೇನೂ ಉಳಿಯದು. ರಾಜ್ಯ ಪತ್ರಾಗಾರ ಇಲಾಖೆಗೆ ಪಟ್ಟಿಯೊಂದಿಗೆ ಪತ್ರ ಬರೆದು, ಹೇಗೆ ಸಿಕ್ಕಿತೆಂದು ತಿಳಿಸಿ, ಒಪ್ಪಿಸುತ್ತೇನೆ ಎನ್ನಿ. ರಸೀದಿ ಪಡೆಯಿರಿ. ಸ್ವಂತ ನಕ್ಷೆಗಳನ್ನು ಯಾವುದೇ ಸಂಸ್ಥೆಗೆ ಕೊಡುವಾಗಲೂ ದಾನಪತ್ರ ಮಾಡಿಸಿ. ಓದುಗರಿಗೆ ನೋಡಲು ಕೊಡುತ್ತಾರೆಯೇ, ನಿಮಗೊಂದು ಪ್ರತಿ ಸಿಗುತ್ತದೆಯೇ ಎಂಬುದನ್ನು ಅದರಲ್ಲೇ ಬರೆಸಿ.

ಕೊನೆಯಲ್ಲಿ ಎಲ್ಲ ಓದುಗರಿಗೂ ಒಂದು ವಿನಂತಿ. ಕಾಗದವನ್ನು ರಿಪೇರಿ ಮಾಡುವವರು ಇಂದಲ್ಲ ನಾಳೆ ಸಿಗುತ್ತಾರೆ. ‘ಇದು ಯಾವ ಕಟ್ಟಡ, ಯಾರು ಬರೆದದ್ದು’ ಎಂದು ಹೇಳಬಲ್ಲ ಹಿರಿಯರು ನಾಳೆ ಇರುತ್ತಾರೆಂದು ಹೇಳಲಾಗದು. ಈ ವಾರವೇ ಅವರ ಪಕ್ಕ ಕುಳಿತು ನಕ್ಷೆಗಳನ್ನು ತೋರಿಸಿ, ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಕ್ಷೆಯ ಹಿಂಬದಿಯ ಮೂಲೆಯಲ್ಲಿ ಮೃದು ಪೆನ್ಸಿಲಿನಿಂದ ಒಂದು ಕ್ರಮಸಂಖ್ಯೆ ಹಾಕಿ, ಅದೇ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲೂ ನಮೂದಿಸಿ. ಬಾಲ್‌ಪೆನ್ ಮಾತ್ರ ಬೇಡ.